ಸೈಲೆನ್ಸರ್ ಬಿಚ್ಚುವ ಮೊದಲು ಒಂದು ಮಾತು

ತಮ್ಮಾ, ನಿನ್ನ ಬೈಕಿನ ಸದ್ದು ಒಡಕಲಾಗಿದೆ. ಗಾಬರಿ ಬೇಡ, ಇಂಜಿನ್ನಿಗೆ ಏನೂ ಆದಂತಿಲ್ಲ. ಸೈಲೆನ್ಸರಿನೊಳಗಿನ ಪ್ಯಾಕಿಂಗ್ ಉರಿದುಹೋಗಿದೆ. ಜೊತೆಯ ಹುಡುಗರು ‘ಈಗ ಗಾಡಿಗೆ ಖದರು ಬಂತು ಗುರೂ’ ಎಂದರೆ ಉಬ್ಬಿಹೋಗಬೇಡ. ಹಾಗಂತ ಹೊಸ ಸೈಲೆನ್ಸರಿಗೆ ದುಡ್ಡು ಸುರಿಯಲೂ ಹೋಗಬೇಡ, ಮೂಗಿಗಿಂತ ಮೂಗುತಿ ಭಾರವಾದೀತು. ಪ್ಯಾಕಿಂಗ್ ಕೂಡ ಇಂಜಿನ್ ಆಯಿಲ್, ಏರ್ ಫಿಲ್ಟರಿನ ಸಾಲಿನದೇ. ಸವೆಯುವುದು ಅದರ ಕೆಲಸ, ಬದಲಿಸುವುದು ನಮ್ಮ ಕೆಲಸ. ಮನೆಯಂಗಳದಲ್ಲೇ ಒಂದು ಮಧ್ಯಾಹ್ನಕ್ಕೆ ಮುಗಿಯುತ್ತದೆ.

ಒಳಗೆ ಏನಿದೆ ಅಂತ ಮೊದಲು ತಿಳಿದುಕೋ. ರಸ್ತೆಯ ಬೈಕುಗಳ ಸೈಲೆನ್ಸರಿನಲ್ಲಿ ಸಾಮಾನ್ಯವಾಗಿ ತಗಡಿನ ಕೋಣೆಗಳಿರುತ್ತವೆ; ಹೊಗೆ ಒಂದರಿಂದ ಇನ್ನೊಂದಕ್ಕೆ ಸುತ್ತಿ ಬರುವಷ್ಟರಲ್ಲಿ ಸದ್ದು ಇಳಿಯುತ್ತದೆ. ಆರ್‌ಎಕ್ಸ್ 100 ಇಟ್ಟುಕೊಂಡವರು ಬಾಫಲ್ ಎಳೆದು ಮಸಿ ಕೆರೆದು ಹಾಕುತ್ತಾರಲ್ಲ, ಅದು ಬೇರೆ ಬಗೆಯ ಕೆಲಸ. ನಿನ್ನ ಮೋಟೋಕ್ರಾಸ್ ಬೈಕಿನಲ್ಲಿ ನಡುವೆ ಮೈತುಂಬ ತೂತಿರುವ ಒಂದು ನೇರ ಕೊಳವೆ ಇದೆ, ಅದಕ್ಕೆ ಕೋರ್ ಅನ್ನುತ್ತಾರೆ. ಅದರ ಸುತ್ತ ಗಾಜಿನೆಳೆಯ ಪ್ಯಾಕಿಂಗ್, ಹೊರಗೆ ಅಲ್ಯುಮಿನಿಯಂ ಕ್ಯಾನು. ಹೊಗೆ ನೇರವಾಗಿ ಹೊರಗೆ ಹೋಗುತ್ತದೆ. ಸದ್ದಿನ ಅಲೆ ತೂತುಗಳ ಮೂಲಕ ಎಳೆಗಳೊಳಗೆ ನುಗ್ಗಿ, ಅಲ್ಲೇ ತಿಕ್ಕಾಡಿ ಶಾಖವಾಗಿ ಕರಗುತ್ತದೆ. ಎಳೆ ಇಲ್ಲವಾದರೆ ಉಳಿಯುವುದು ಬರೀ ಡಬ್ಬ.

ನಿನ್ನಂಥ ಫೋರ್ ಸ್ಟ್ರೋಕ್ ಗಾಡಿಯನ್ನು ಬಿಚ್ಚಿದರೆ ಕಾಣುವುದು ಹೀಗೆ. ಇಂಜಿನ್ ಕಡೆಯ ತುದಿಯಲ್ಲಿ ಕೋರ್ ಬೆತ್ತಲಾಗಿರುತ್ತದೆ. ಬಿಸಿಹೊಗೆ ಮೊದಲು ಬಡಿಯುವುದೇ ಅಲ್ಲಿ, ಎಳೆ ಪುಡಿಪುಡಿಯಾಗಿ ಬಾಲದ ತೂತಿನಿಂದ ಹಾರಿಹೋಗಿರುತ್ತದೆ. ಹಿಂತುದಿಯಲ್ಲಿ ಮಾತ್ರ ಒಂದು ಹಿಡಿ ಕಂದು ಉಂಡೆ ಅಂಟಿಕೊಂಡಿರುತ್ತದೆ. ಹೊರಗಿನಿಂದಲೇ ಗುರುತು ಬೇಕೆಂದರೆ ಕ್ಯಾನಿನ ಮುಂಭಾಗ ನೋಡು: ಸ್ಟಿಕ್ಕರ್ ಸುಕ್ಕುಗಟ್ಟಿದ್ದರೆ, ಬಣ್ಣ ತಿರುಗಿದ್ದರೆ, ಒಳಗೆ ತಡೆ ಇಲ್ಲ ಎಂದರ್ಥ. ಟೂ ಸ್ಟ್ರೋಕಿನ ಕಥೆ ಬೇರೆ. ಅಲ್ಲಿ ಉರಿಯದೆ ಉಳಿದ ಆಯಿಲ್ ಹೀರಿ ಹೀರಿ ಪ್ಯಾಕಿಂಗ್ ಡಾಂಬರಿನ ಮುದ್ದೆಯಾಗುತ್ತದೆ, ಜೋಡಣೆಯಿಂದ ಕಪ್ಪು ಎಣ್ಣೆ ಜಿನುಗುತ್ತದೆ. ನಿನ್ನ ಗೆಳೆಯನ ಟೂ ಸ್ಟ್ರೋಕ್ ಹಾಗೆ ಜಿನುಗುತ್ತಿದ್ದರೆ, ಪ್ಯಾಕಿಂಗ್ ಬದಲಿಸುವ ಮುಂಚೆ ಕಾರ್ಬ್ಯುರೇಟರಿನ ಜೆಟ್ಟಿಂಗ್ ನೋಡಲು ಹೇಳು. ಪೆಟ್ರೋಲಿಗೆ ಆಯಿಲ್ ಬೆರೆಸುವ ಅಳತೆ 40:1 ಎಂದರೆ ಲೀಟರಿಗೆ 25 ಮಿಲಿಲೀಟರ್ ಆಯಿಲ್. ಕಂಪನಿ ಹೇಳಿದ ಲೆಕ್ಕವನ್ನು ಜಿನುಗು ನಿಲ್ಲಿಸಬೇಕೆಂದು ಇಳಿಸಿದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ.

ಸಾಮಾನಿನಲ್ಲಿ ಚೌಕಾಸಿ ಬೇಡ. ಸೈಲೆನ್ಸರಿಗೆಂದೇ ಬರುವ ಉದ್ದನೆಳೆಯ ಗ್ಲಾಸ್ ಪ್ಯಾಕಿಂಗನ್ನೇ ತಾ. ಫೋರ್ ಸ್ಟ್ರೋಕಿಗೆ ಕೋರಿನ ಮೇಲೆ ಮೊದಲು ಸ್ಟೇನ್‌ಲೆಸ್ ಸ್ಟೀಲ್ ವೂಲಿನ ಒಂದು ಪದರ ಸುತ್ತಿದರೆ ಗಾಜಿನೆಳೆ ಇನ್ನಷ್ಟು ದಿನ ಬಾಳುತ್ತದೆ. ಅಗ್ಗಕ್ಕೆ ಸಿಗುತ್ತದೆಂದು ಫಾಲ್ಸ್ ಸೀಲಿಂಗಿನ ಗ್ಲಾಸ್ ವೂಲ್ ತುಂಬಬೇಡ. ಅದರ ಅಂಟು ಸುಟ್ಟು, ತುಂಡೆಳೆಗಳೆಲ್ಲ ಬೇಗನೆ ಹಾರಿಹೋಗುತ್ತವೆ. ಪಾತ್ರೆ ತಿಕ್ಕುವ ಜುಂಗು ಅಡುಗೆಮನೆಯಲ್ಲೇ ಇರಲಿ.

ಗಾಡಿ ಪೂರಾ ತಣ್ಣಗಾದ ಮೇಲೆ ಕೈ ಹಾಕು. ಮೊದಲು ತೊಳೆ, ಇಲ್ಲದಿದ್ದರೆ ಮಣ್ಣೆಲ್ಲ ಪೈಪಿನೊಳಗೆ ಬೀಳುತ್ತದೆ. ಕ್ಲಾಂಪ್ ಸಡಿಲಿಸಿ ಸೈಲೆನ್ಸರ್ ಇಳಿಸಿದ ಮೇಲೆ ಪೈಪಿನ ಬಾಯಿಗೆ ಬಟ್ಟೆ ತುರುಕು. ಕ್ಯಾನು ಮತ್ತು ಮುಚ್ಚಳ ಕೂಡುವ ಕಡೆ ಮಾರ್ಕರಿನಿಂದ ಅಡ್ಡಗೆರೆ ಎಳೆದುಕೋ. ಮತ್ತೆ ಕೂರಿಸುವಾಗ ತೂತಿಗೆ ತೂತು ಸೇರಲು ಇದೊಂದೇ ದಾರಿ. ನಿನ್ನ ಕ್ಯಾನಿಗೆ ಬೋಲ್ಟ್ ಇದ್ದರೆ ಕೆಲಸ ಸಲೀಸು. ರಿವೆಟ್ ಇದ್ದರೆ ನಡುವಿನ ಮೊಳೆಯನ್ನು ಪಂಚಿನಿಂದ ಒಳಕ್ಕೆ ಬಡಿದು, ರಿವೆಟ್ಟಿನ ಕಾಂಡದಷ್ಟೇ ದಪ್ಪದ ಬಿಟ್ ಹಾಕಿ, ತಲೆಯನ್ನಷ್ಟೇ ಕೊರೆ. ದಪ್ಪ ಬಿಟ್ ಹಾಕಿದರೆ ಕ್ಯಾನಿನ ತೂತು ಅಗಲವಾಗಿ ಹೊಸ ರಿವೆಟ್ ಹಿಡಿಯುವುದಿಲ್ಲ. ಸ್ಟೇನ್‌ಲೆಸ್ ರಿವೆಟ್ ಗಟ್ಟಿ. ಡ್ರಿಲ್ ನಿಧಾನ ತಿರುಗಲಿ, ಒಂದು ಹನಿ ಎಣ್ಣೆ ಬೀಳಲಿ. ತಲೆಯೂ ಬಿಟ್ಟಿನ ಜೊತೆ ಗಿರಗಿರ ತಿರುಗತೊಡಗಿದರೆ ಒತ್ತಡ ಹಾಕಬೇಡ, ಇಕ್ಕಳದಿಂದ ಹಿಡಿದು ಕೊರೆ.

ಮುಚ್ಚಳ ಬರದಿದ್ದರೆ ರಬ್ಬರ್ ಸುತ್ತಿಗೆಯಿಂದ ಸುತ್ತಲೂ ಮೆಲ್ಲಗೆ ತಟ್ಟು. ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಅಲ್ಯುಮಿನಿಯಂ ಸೊಟ್ಟಗಾಗುತ್ತದೆ. ಹಳೆಯ ಪ್ಯಾಕಿಂಗ್ ತೆಗೆಯುವಾಗ ಮಾಸ್ಕ್, ಕೈಗವಸು, ಕನ್ನಡಕ, ತುಂಬುತೋಳಿನ ಅಂಗಿ ಇರಲೇಬೇಕು. ಗಾಜಿನ ಎಳೆ ಮೈಗೆ ಹತ್ತಿದರೆ ರಾತ್ರಿಯಿಡೀ ತುರಿಕೆ. ಅದನ್ನು ಕಂಪ್ರೆಸರ್ ಗಾಳಿಯಿಂದ ಊದಬೇಡ. ಒದ್ದೆ ಮಾಡಿ ಚೀಲಕ್ಕೆ ತುಂಬಿ ಬಾಯಿ ಕಟ್ಟು. ಆ ಬಟ್ಟೆಗಳನ್ನು ಮನೆಯವರ ಬಟ್ಟೆಯ ಜೊತೆ ವಾಷಿಂಗ್ ಮೆಷಿನ್ನಿಗೆ ಹಾಕಿ ಅಮ್ಮನ ಕೈಲಿ ಬೈಸಿಕೊಳ್ಳಬೇಡ.

ಕೋರನ್ನು ಡೀಸೆಲ್ಲಿನಲ್ಲಿ ನೆನೆಹಾಕಿ ವೈರ್ ಬ್ರಷ್ಷಿನಿಂದ ಉಜ್ಜು. ಪ್ರತಿ ತೂತೂ ತೆರೆದಿರಬೇಕು. ಮಸಿ ಮುಚ್ಚಿದ ತೂತಿನ ಹಿಂದೆ ಎಷ್ಟು ಪ್ಯಾಕಿಂಗ್ ಇದ್ದರೂ ದಂಡ. ವೆಲ್ಡಿನ ಹತ್ತಿರ ಸಣ್ಣ ಬಿರುಕಿದೆಯೇ ಅಂತ ಬೆಳಕಿಗೆ ಹಿಡಿದು ನೋಡು. ಡೀಸೆಲ್ ಪೂರ್ತಿ ಆರಿದ ಮೇಲೆ ಮುಂದಿನ ಕೆಲಸ.

ಇನ್ನು ಸುತ್ತುವುದು. ಕೆಲಸದ ಜೀವ ಇರುವುದು ಇಲ್ಲೇ. ಪ್ಯಾಕಿಂಗನ್ನು ಕ್ಯಾನಿನ ಉದ್ದಕ್ಕೆ ಕತ್ತರಿಸಿ, ಚಾಪೆ ಸುರುಳಿ ಸುತ್ತುವ ಹಾಗೆ ಒಂದೇ ಬಿಗಿಯಲ್ಲಿ ಕೋರಿಗೆ ಸುತ್ತು. ಸಡಿಲವಾದರೆ ಎಳೆ ಅಲುಗಾಡಿ ಬೇಗ ಪುಡಿಯಾಗುತ್ತದೆ. ಅದುಮಿ ಅದುಮಿ ತುಂಬಿದರೆ ಎಳೆಗಳ ನಡುವೆ ಗಾಳಿಗೆ ಜಾಗವಿಲ್ಲದೆ ಸದ್ದು ಹೀರುವುದಿಲ್ಲ. ಬಿಚ್ಚದಿರಲು ಅಲ್ಲಲ್ಲಿ ಪೇಪರ್ ಟೇಪ್ ಹಾಕು, ಅದು ಆಮೇಲೆ ಸುಟ್ಟುಹೋಗುತ್ತದೆ; ಪ್ಲಾಸ್ಟಿಕ್ ಟೇಪ್ ಬೇಡ. ಕ್ಯಾನಿನೊಳಗೆ ಜಾರಿಸಲು ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ, ಸುತ್ತಿದ ದಿಕ್ಕಿಗೇ ತಿರುಗಿಸುತ್ತ ತಳ್ಳಿ, ಹಾಳೆಯನ್ನು ಹಿಂದಕ್ಕೆ ಎಳೆದುಬಿಡು. ಎದುರು ದಿಕ್ಕಿಗೆ ತಿರುಗಿಸಿದರೆ ಒಳಗೇ ಮುದುರಿಕೊಳ್ಳುತ್ತದೆ.

ಕೋರಿನ ತುದಿ ಮುಚ್ಚಳದ ಗೂಡಿನಲ್ಲಿ ಸರಿಯಾಗಿ ಕೂತಿತೇ ಅಂತ ಬಾಲದ ತೂತಿನಿಂದ ನೋಡಿ, ಅಂಚಿಗೆ ಬಿಸಿ ತಡೆಯುವ ಸಿಲಿಕೋನ್ ಪೇಸ್ಟ್ ತೆಳ್ಳಗೆ ಹಚ್ಚಿ ರಿವೆಟ್ ಹೊಡೆ. ಟ್ಯೂಬಿನ ಮೇಲೆ ಬರೆದಷ್ಟು ಹೊತ್ತು ಒಣಗಲು ಬಿಡು. ಗಾಡಿಗೆ ಹಾಕುವಾಗ ಎಲ್ಲ ಬೋಲ್ಟನ್ನೂ ಮೊದಲು ಕೈಯಲ್ಲೇ ಹಿಡಿಸಿ, ಆಮೇಲೆ ಸ್ಪ್ಯಾನರ್ ಹಾಕು. ಒಂದನ್ನೇ ಬಿಗಿದರೆ ಪೈಪು ಎಳೆದುಕೊಂಡು ಬ್ರ್ಯಾಕೆಟ್ ಸೀಳುತ್ತದೆ. ಥ್ರಾಟಲ್ ಬಿಟ್ಟಾಗ ಪಟಪಟ ಅನ್ನುವುದು ಹೊಸದಾಗಿ ಶುರುವಾದರೆ ಜೋಡಣೆಯಲ್ಲಿ ಗಾಳಿ ಸೋರುತ್ತಿದೆಯೇ ನೋಡು. ಮೊದಲ ಸಲ ಸ್ಟಾರ್ಟ್ ಮಾಡಿದಾಗ ಟೇಪ್ ಸುಟ್ಟು ಹೊಗೆ ಬರುತ್ತದೆ, ಹೆದರಬೇಡ. ಆದರೆ ಬಾಗಿಲು ಹಾಕಿದ ಶೆಡ್ಡಿನಲ್ಲಿ ಮಾತ್ರ ಇಂಜಿನ್ ಓಡಿಸಬೇಡ, ಅದರ ವಿಷಗಾಳಿಗೆ ವಾಸನೆಯಿಲ್ಲ.

ಮುಂದಿನ ಸಲ ಯಾವಾಗ ಅಂತ ಕೇಳುತ್ತೀಯ. ಮ್ಯಾನ್ಯುಯಲ್ಲಿನ ಗಂಟೆಗಳ ಲೆಕ್ಕ ಒಂದಾದರೆ, ತಕ್ಕಡಿ ಇನ್ನೊಂದು. ಹೊಸ ಪ್ಯಾಕಿಂಗ್ ತುಂಬಿದ ದಿನವೇ ಸೈಲೆನ್ಸರನ್ನು ತೂಗಿ, ತೂಕವನ್ನೂ ತಾರೀಖನ್ನೂ ಸೈಡ್ ಪ್ಯಾನೆಲ್ಲಿನ ಒಳಮೈಗೆ ಬರೆದಿಡು. ಫೋರ್ ಸ್ಟ್ರೋಕಿನದು ಎಳೆ ಹಾರಿ ಹಗುರಾಗುತ್ತ ಹೋಗುತ್ತದೆ, ಟೂ ಸ್ಟ್ರೋಕಿನದು ಎಣ್ಣೆ ಕುಡಿದು ಭಾರವಾಗುತ್ತದೆ. ಬಿಚ್ಚದೆಯೇ ಒಳಗಿನ ಸುದ್ದಿ ಗೊತ್ತಾಗುತ್ತದೆ. ಬಾಲದಲ್ಲಿ ಕಿಡಿ ತಡೆಯುವ ಜಾಲರಿ ಇದ್ದರೆ ಮಸಿ ಉಜ್ಜಿ ಮತ್ತೆ ಹಾಕು, ಬಿಸಾಡಬೇಡ. ಬೇಸಿಗೆಯಲ್ಲಿ ತರಗೆಲೆಗೆ ಒಂದೇ ಕಿಡಿ ಸಾಕು.

ಇಷ್ಟೆಲ್ಲ ಯಾಕೆ ಅಂತೀಯಾ? ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1986ರಿಂದ ಈಚೆಗೆ ತಯಾರಾದ ಡರ್ಟ್ ಬೈಕು ಸಾರ್ವಜನಿಕ ಜಾಗದಲ್ಲಿ ಓಡಬೇಕಾದರೆ, 20 ಇಂಚು ದೂರದಿಂದ ಅಳೆದಾಗ ಸದ್ದು 96 ಡೆಸಿಬಲ್ ದಾಟಬಾರದು ಎಂಬ ಕಾನೂನಿದೆ. ನಮ್ಮಲ್ಲಿ ರಸ್ತೆಯ ಗಾಡಿಗೆ ಸದ್ದಿನ ಮಿತಿ ಮೀರಿದರೆ, 2019ರ ತಿದ್ದುಪಡಿಯ ನಂತರ, 10,000 ರೂಪಾಯಿವರೆಗೆ ದಂಡ. ಆದರೆ ಮಣ್ಣಿನಲ್ಲಿ ಓಡಿಸುವ ನಿನಗೆ ದಂಡಕ್ಕಿಂತ ದೊಡ್ಡ ನಷ್ಟ ಜಾಗದ್ದು. 2015ರಲ್ಲಿ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ ಸಿ.ಎಸ್. ಸಂತೋಷ್ ಕೋಲಾರದ ಹತ್ತಿರ ಕಟ್ಟಿದ ಬಿಗ್ ರಾಕ್‌ನಂಥ ಟ್ರ್ಯಾಕುಗಳು ನಮ್ಮಲ್ಲಿ ಬೆರಳೆಣಿಕೆಯಷ್ಟು. ಉಳಿದಂತೆ ಯಾರದೋ ಬೀಳು ಜಮೀನು, ಯಾರದೋ ದೊಡ್ಡ ಮನಸ್ಸು. ಪಕ್ಕದಲ್ಲೇ ಹಾಲು ಕರೆಯುವ ಮನೆಗಳಿರುತ್ತವೆ. ಬೆದರಿದ ಹಸು ಸೊರೆ ಬಿಡುವುದಿಲ್ಲ. ಒಂದು ಸಲ ಊರಿನವರು ‘ಇನ್ನು ಬರಬೇಡಿ’ ಎಂದರೆ ನಿನ್ನೊಬ್ಬನಿಗಲ್ಲ, ಎಲ್ಲ ಹುಡುಗರಿಗೂ ಬಾಗಿಲು ಮುಚ್ಚಿತು.

ಅದಕ್ಕೇ ಹೇಳಿದ್ದು, ಈ ಭಾನುವಾರ ಟ್ರ್ಯಾಕು ಬಿಟ್ಟು ಅಂಗಳದಲ್ಲಿ ಕೂರು. ರಿವೆಟ್ ಗನ್ ಕೊಳ್ಳಬೇಡ, ನನ್ನ ಹತ್ತಿರ ಇದೆ. ಬಂದು ಒಯ್ಯಿ, ಕೆಲಸ ಮುಗಿದ ಮೇಲೆ ಒರೆಸಿ ತಂದುಕೊಡುವುದನ್ನು ಮರೆಯಬೇಡ.