ಗೀರು ಕಂಡರೆ ಜಗಳ, ಕಾಣದಿದ್ದರೆ?

ಥಾರ್, ಜಿಮ್ನಿ ಇಟ್ಟುಕೊಂಡು ಭಾನುವಾರ ಬಂತೆಂದರೆ ಹಳಿಯಾಳದ ಹಾದಿ ಹಿಡಿದು ದಾಂಡೇಲಿ ಕಾಡಿಗೋ, ಮಳೆ ಬಿದ್ದ ಮರುದಿನ ನವಲಗುಂದದ ಎರೆಹೊಲದ ಬಂಡಿದಾರಿಗೋ ಗಾಡಿ ಇಳಿಸುವ ಹುಬ್ಬಳ್ಳಿ-ಧಾರವಾಡದ ತಮ್ಮಂದಿರೇ, ಕಲ್ಲು ತಾಗಿದರೂ ಏನೂ ಆಗದ ನಿಮ್ಮ ರಿಮ್ಮು ಕೆಡುವುದು ಬಹಳ ಸಲ ಟೈರ್ ಅಂಗಡಿಯ ಕಾಂಕ್ರೀಟ್ ನೆಲದ ಮೇಲೆ. ಅದೂ ನೀವು ಎದುರಿನ ಗಾಡಾದಲ್ಲಿ ಚಹಾ ಕುಡಿಯುವ ಹೊತ್ತಿನಲ್ಲಿ.

ಅಲಾಯ್ ಮುಖದ ಮೇಲೆ ಗೀರು ಕಂಡರೆ ಜಗಳಕ್ಕೆ ನಿಲ್ಲುತ್ತೀರಿ. ನಿಲ್ಲಬೇಡಿ ಅನ್ನುವುದಿಲ್ಲ, ದುಡ್ಡು ನಿಮ್ಮದು. ಆದರೆ ಆ ಗೀರು ಹೊಟ್ಟೆಯುರಿ ಅಷ್ಟೇ. ನಿಜವಾದ ಪೆಟ್ಟು ಬೀಳುವುದು ಟೈರಿನ ಅಂಚು ರಿಮ್ಮಿಗೆ ಕೂರುವ ಒಳಪಟ್ಟಿಯ ಮೇಲೆ. ಟ್ಯೂಬ್‌ಲೆಸ್ ಟೈರಿನ ಹವಾ ನಿಲ್ಲುವುದೇ ಆ ಪಟ್ಟಿಯ ನುಣುಪಿನಿಂದ. ಅಲ್ಲಿ ಹಾರೆಯ ತುದಿ ಕೊರೆದರೆ ಹವಾ ದಿನಾ ಸ್ವಲ್ಪ ಸ್ವಲ್ಪ ಇಳಿಯುತ್ತದೆ. ನೀವು ಹೊಸ ಟೈರನ್ನು ಬೈಯುತ್ತಾ ಪಂಕ್ಚರ್ ಹುಡುಕುತ್ತೀರಿ. ಕೆಸರಿನಲ್ಲಿ ಹಿಡಿತ ಸಿಗಲೆಂದು ಹವಾ ಇಳಿಸಿ ಓಡಿಸುವವರಿಗೆ ಇದು ಇನ್ನೂ ಕೆಟ್ಟದ್ದು.

2020ರ ಅಕ್ಟೋಬರ್‌ನಲ್ಲಿ ಹೊಸ ಥಾರ್ ಬಂದಾಗ ಎಎಕ್ಸ್ ಮಾದರಿಗೆ 16 ಇಂಚಿನ ಸ್ಟೀಲ್ ರಿಮ್ಮು, ಎಲ್‌ಎಕ್ಸ್‌ಗೆ 18 ಇಂಚಿನ ಅಲಾಯ್ ಇತ್ತು. ಎಲ್ಲರ ಕಣ್ಣು ಅಲಾಯ್ ಮೇಲೆ. ನಿಜವಾಗಿ ಕಾಡು-ಹೊಲ ತಿರುಗುವವರಿಗೆ ನನ್ನ ಮತ ಸ್ಟೀಲಿಗೇ. ಸ್ಟೀಲ್ ಸೊಟ್ಟಾದರೆ ಬಡಿದು ನೆಟ್ಟಗೆ ಮಾಡಬಹುದು, ಅಲಾಯ್ ಬಿರಿದರೆ ಬದಲಿಸಬೇಕು. ಬೆಸುಗೆ ಹಾಕಿಕೊಡುತ್ತೇನೆ ಅನ್ನುವವರ ಬಳಿ ಹೋಗಬೇಡಿ. ಸ್ಟೀಲಿಗೂ ಬಣ್ಣ ಕಿತ್ತ ಜಾಗದಲ್ಲಿ ತುಕ್ಕು ಹಿಡಿಯುತ್ತದೆ. ಕಿತ್ತ ದಿನವೇ ಬಣ್ಣ ಹಚ್ಚಿದರೆ ಮುಗಿಯಿತು.

ಅಂಗಡಿಗೆ ಹೋಗುವ ಮೊದಲು ಗಾಲಿಗಳ ಒಳಮೈಯನ್ನೂ ತೊಳೆಯಿರಿ. ಎರೆಮಣ್ಣು ರಿಮ್ಮಿನ ಹಿಂಬದಿ ಮೆತ್ತಿ ಒಣಗಿದರೆ ಕಲ್ಲಿನಂತೆ ಕಚ್ಚಿಕೊಳ್ಳುತ್ತದೆ. ಅದರ ಮೇಲೆಯೇ ಬ್ಯಾಲೆನ್ಸಿಂಗ್ ಮಾಡಿಸಿದರೆ, ಹೆಂಟೆ ಉದುರಿದ ದಿನ ಸ್ಟೀರಿಂಗ್ ನಡುಗುತ್ತದೆ. ಟೈರ್ ಕಳಚುವ ಮಶೀನಿನ ಹಿಡಿಕೆಗೂ ರಿಮ್ಮಿಗೂ ನಡುವೆ ಸಿಕ್ಕ ಮರಳು ಸ್ಯಾಂಡ್‌ಪೇಪರಿನ ಕೆಲಸ ಮಾಡುತ್ತದೆ, ಆ ಗೀರಿಗೆ ಅಂಗಡಿಯವನನ್ನು ಬೈಯುವ ಹಕ್ಕು ನಿಮಗಿಲ್ಲ.

ಅಂಗಡಿಯನ್ನು ಬೋರ್ಡು ನೋಡಿ ಆರಿಸಬೇಡಿ. ಬೇರೆಯವರ ಗಾಲಿ ಬಿಚ್ಚುವುದನ್ನು ದೂರ ನಿಂತು ನೋಡಿ. ಪಿ.ಬಿ. ರೋಡಿನ ಲಾರಿ ಅಂಗಡಿಗಳಲ್ಲಿ ಎರಡು ಹಾರೆ, ಒಂದು ಸುತ್ತಿಗೆಯಿಂದ ಆಳೆತ್ತರದ ಟೈರನ್ನು ಕಳಚುವವರ ಕೈಚಳಕಕ್ಕೆ ನನ್ನ ನಮಸ್ಕಾರ. ಆದರೆ ಅಲಾಯ್ ಅವರ ಕೈಗೆ ಬೇಡ. ಹಿಡಿಕೆಯ ಹಲ್ಲಿಗೆ, ಟೈರ್ ಎತ್ತುವ ಮೂತಿಗೆ ಪ್ಲಾಸ್ಟಿಕ್ ಹೊದಿಕೆ ಇದೆಯೇ, ಗಾಲಿಯನ್ನು ಮುಖ ಕೆಳಗಾಗಿ ನೆಲಕ್ಕೆ ಒಗೆಯುತ್ತಾರೋ, ರಬ್ಬರ್ ಹಾಸಿನ ಮೇಲೆ ಇಡುತ್ತಾರೋ, ಇಷ್ಟು ಕಂಡರೆ ಸಾಕು. ಶನಿವಾರ ಸಂಜೆಯಾಗಲಿ, ಖಂಡೆಪೂಜೆಯ ಮುಂಚಿನ ದಿನವಾಗಲಿ ಹೋಗಲೇಬೇಡಿ. ಸಾಲು ಹಚ್ಚಿ ನಿಂತ ಗಾಡಿಗಳ ಮುಂದೆ ಯಾವ ಕುಶಲಿಯ ಕೈಯೂ ಓಡತೊಡಗುತ್ತದೆ.

ಒರಟು ದಾರಿಯ ಟೈರುಗಳ ಪಕ್ಕೆ ಸಾಮಾನ್ಯವಾಗಿ ಬಿರುಸು. ಅದಕ್ಕೇ ಅಲ್ಲಿ ಬಲ ಹಾಕುವ ಆಸೆ ಹೆಚ್ಚು. ಬಲವಲ್ಲ, ಉಪಾಯ ಬೇಕು. ಬಳೆಗಾರ ಸಾಬೂನು ಹಚ್ಚಿ, ಕೈ ಹಿಂಡಿ, ಒಂದು ಬದಿ ತಗ್ಗಿಸಿ ಇನ್ನೊಂದು ಬದಿಯಿಂದ ಬಳೆ ಏರಿಸುತ್ತಾನಲ್ಲ, ಹಾಗೆಯೇ ಟೈರಿನ ಅಂಚಿನ ಒಂದು ಬದಿಯನ್ನು ರಿಮ್ಮಿನ ನಡುವಿನ ತಗ್ಗಿಗೆ ಒತ್ತಿ ಹಿಡಿದರೆ ಎದುರು ಬದಿ ತಾನೇ ಸಡಿಲಾಗಿ ಏರುತ್ತದೆ. ಅಂಚಿಗೆ ಸೋಪಿನ ನೀರು ಧಾರಾಳವಾಗಿ ಹಚ್ಚಲು ಹೇಳಿ. ಒಣ ರಬ್ಬರನ್ನು ಜಗ್ಗುವಾಗಲೇ ಹಾರೆ ಜಾರುವುದು.

ಹಳೆ ಟೈರನ್ನು ರಿಮ್ಮಿನಿಂದ ಬಿಡಿಸಲು ಮಶೀನಿನ ಪಕ್ಕದಲ್ಲಿ ಸಲಿಕೆಯಂಥ ತೋಳಿರುತ್ತದೆ. ಅದು ರಿಮ್ಮಿನ ಅಂಚಿಗೆ ತಾಗದೆ ರಬ್ಬರನ್ನಷ್ಟೇ ಒತ್ತಬೇಕು, ವಾಲ್ವ್ ಇದ್ದ ಕಡೆ ಹೋಗಲೇಬಾರದು. ಹವಾ ಅಳೆಯುವ ಸೆನ್ಸರ್ ಇರುವ ಗಾಡಿಗಳಲ್ಲಿ ಅದು ವಾಲ್ವಿನ ಬುಡಕ್ಕೇ, ಟೈರಿನೊಳಗೆ ಕುಳಿತಿರುತ್ತದೆ. ಹೊರಗಿನಿಂದ ಯಾರಿಗೂ ಕಾಣದು. ನೀವೇ ಹೇಳಬೇಕು, ಕೆಲಸ ಶುರುವಾಗುವ ಮೊದಲೇ: “ಅಣ್ಣಾರ, ಒಳಗ ಸೆನ್ಸರ್ ಐತ್ರೀ, ಅಲಾಯ್ ಸ್ವಲ್ಪ ಹುಷಾರ್ರೀ. ಗಡಿಬಿಡಿ ಇಲ್ಲ, ಸಾವಕಾಶ ಮಾಡ್ರಿ.” ಕಡೆಯ ಮಾತು ಎಲ್ಲಕ್ಕಿಂತ ಮುಖ್ಯ. ಅವನು ಗಾಲಿ ಬಿಚ್ಚುತ್ತಾನೆಂದು ಅವನ ಮೇಲೆ ದೊರೆತನ ಮಾಡಬೇಡಿ. ಮೊಬೈಲ್ ಎತ್ತಿ ವಿಡಿಯೋ ಮಾಡುತ್ತಾ ನಿಲ್ಲುವುದಂತೂ ಅವಮಾನ. ಮೊದಲೇ ನಾಲ್ಕೂ ಗಾಲಿಗಳನ್ನು ಅವನೊಡನೆ ಸುತ್ತಿ ನೋಡಿ, ಹಳೆಯ ಗೀರುಗಳನ್ನು ತೋರಿಸಿಬಿಡಿ. ಇಬ್ಬರಿಗೂ ಒಳ್ಳೆಯದು.

ಟೈರ್ ಕಳಚಿದ ಮೇಲೆ ಬರಿಯ ರಿಮ್ಮು ಕೈಗೆ ಬರುತ್ತದೆ. ಆಗ ಒಳಪಟ್ಟಿಯ ಸುತ್ತ ಬೆರಳಾಡಿಸಿ ನೋಡಿ. ಕಣ್ಣು ತಪ್ಪಿಸಿದ್ದು ಬೆರಳಿಗೆ ಸಿಗುತ್ತದೆ. ಹಳೆ ರಬ್ಬರಿನ ಚೂರು, ತುಕ್ಕು, ಒಣಮಣ್ಣು ಅಂಟಿದ್ದರೆ ಒರೆಸಲು ಹೇಳಿ. ಹೊಸ ಟೈರಿನ ಅಂಚು ಕೂರಿಸಲು ಹವಾ ತುಂಬುವಾಗ 40 ಪಿಎಸ್‌ಐ ದಾಟಬಾರದು, ಅಷ್ಟರಲ್ಲಿ ಕೂರದಿದ್ದರೆ ಹವಾ ಇಳಿಸಿ ಮತ್ತೆ ಸೋಪು ಹಚ್ಚಬೇಕು. ಆ ಹೊತ್ತು ನೀವು ಬಗ್ಗಿ ನೋಡುತ್ತಾ ನಿಲ್ಲಬೇಡಿ. ಬ್ಯಾಲೆನ್ಸಿಂಗ್ ಮಾಡಿಸುವಾಗ ಅಲಾಯ್‌ಗೆ ಅಂಚಿಗೆ ಬಡಿಯುವ ತೂಕ ಬೇಡ, ಒಳಗೆ ಅಂಟಿಸುವ ತೂಕವನ್ನೇ ಹಾಕಿಸಿ.

ನಟ್ಟುಗಳನ್ನು ಮೊದಲು ಕೈಯಿಂದಲೇ ನಾಲ್ಕು ಸುತ್ತು ತಿರುಗಿಸಬೇಕು. ಹವಾ ಗನ್ ಹಿಡಿದು ಒಮ್ಮೆಲೇ ‘ಟರ್’ ಅನ್ನಿಸಿದರೆ ಮರೆ ಸವೆಯುತ್ತದೆ, ಬಿಗಿ ಅಳತೆ ಮೀರುತ್ತದೆ. ದಾಂಡೇಲಿ ಕಾಡಿನಲ್ಲಿ ಪಂಕ್ಚರ್ ಆದಾಗ ನಿಮ್ಮ ಪಾನಾಕ್ಕೆ ಆ ನಟ್ಟು ಜಪ್ಪಯ್ಯ ಅನ್ನುವುದಿಲ್ಲ. ಎದುರುಬದುರಿನ ನಟ್ಟುಗಳನ್ನು ಸರದಿಯಂತೆ ಬಿಗಿದು, ಕೊನೆಯ ಬಿಗಿಯನ್ನು ಟಾರ್ಕ್ ಪಾನಾದಿಂದ, ಗಾಡಿಯ ಕೈಪಿಡಿಯಲ್ಲಿರುವ ಅಳತೆಗೆ ಹಾಕಿಸಿ. ಇಷ್ಟೆಲ್ಲ ಸಾವಧಾನದಿಂದ ಮಾಡಿದವನಿಗೆ ಕೇಳಿದ್ದಕ್ಕಿಂತ ಒಂದು ನೋಟು ಹೆಚ್ಚು ಕೊಡಿ.

ಬಿಗಿದ ನಟ್ಟು 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಸಡಿಲಾಗುವುದುಂಟು. ಹೊಸ ಟೈರಿನ ಹುಮ್ಮಸ್ಸಿನಲ್ಲಿ ಹುಬ್ಬಳ್ಳಿಯಿಂದ ನೇರ ಅಂಕೋಲೆಗೆ ಹೊರಟಿರಾದರೆ ಯಲ್ಲಾಪುರದಲ್ಲಿ ಗಾಡಿ ನಿಲ್ಲಿಸಿ, ಗಾಲಿ ತಣ್ಣಗಾಗಲಿ, ನಟ್ಟುಗಳನ್ನು ಒಂದು ಸುತ್ತು ಪರೀಕ್ಷಿಸಿ. ಅರಬೈಲ್ ಘಾಟು ಇಳಿಯುವುದು ಅದಾದ ಮೇಲೆಯೇ.