ಈರುಳ್ಳಿಗೆ ಬೇಕು, ಎಲೆಕೋಸಿಗೆ ಬೇಡ

ಈರುಳ್ಳಿ ಗಿಡವೊಂದನ್ನು ಮಣ್ಣು ಸಡಿಲಿಸಿ ಮೆಲ್ಲಗೆ ಕಿತ್ತು, ಬೇರು ತೊಳೆದು ನೋಡಿ. ಬಿಳಿ ದಾರದಂಥ ದಪ್ಪ ಬೇರುಗಳು. ಕವಲು ಕಡಿಮೆ, ಬೇರುರೋಮವಂತೂ ಇಲ್ಲವೆನ್ನುವಷ್ಟು ವಿರಳ. ರಾಗಿ ಪೈರನ್ನು ಕಿತ್ತರೆ ನವಿರಾದ ಬೇರುಗಳ ಗೊಂಚಲೇ ಬರುತ್ತದೆ. ಇಷ್ಟು ಬಡ ಬೇರಿನಿಂದ ಈರುಳ್ಳಿ ತನಗೆ ಬೇಕಾದ ರಂಜಕವನ್ನು ಹೇಗೆ ತರುತ್ತದೆ?

ಮೊದಲು ರಂಜಕದ ಸ್ವಭಾವ ತಿಳಿಯಬೇಕು. ನೈಟ್ರೇಟು ನೀರಿನೊಡನೆ ಹರಿದು ಬೇರಿನ ಬಳಿಗೇ ಬರುತ್ತದೆ, ರಂಜಕ ಬರುವುದಿಲ್ಲ. ನಮ್ಮ ಕೆಂಪು ಮಣ್ಣಿನಲ್ಲಿ ಕಬ್ಬಿಣ, ಅಲ್ಯುಮಿನಿಯಂ ಅದನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತವೆ. ಬೇರು ತನ್ನ ಸುತ್ತಲಿನ ಕೆಲವೇ ಮಿಲಿಮೀಟರು ಮಣ್ಣಿನ ರಂಜಕವನ್ನು ಹೀರಿ ಮುಗಿಸಿದ ಮೇಲೆ, ಅದರಾಚೆಗಿನದು ಇದ್ದೂ ಇಲ್ಲದಂತೆ. ಅಲ್ಲಿಗೆ ಕೈ ಚಾಚುವುದು ಮೈಕೋರೈಜಾ ಶಿಲೀಂಧ್ರ. ರೈತರು ಇದನ್ನು ವ್ಯಾಮ್ ಎಂಬ ಹೆಸರಿನಿಂದ ಬಲ್ಲರು. ಕೂದಲಿಗಿಂತ ಎಷ್ಟೋ ತೆಳ್ಳಗಿನ ಇದರ ಎಳೆಗಳು ಬೇರಿನೊಳಗಿಂದ ಹೊರಟು ಹಲವು ಸೆಂಟಿಮೀಟರು ದೂರ ಹೋಗಿ, ಬೇರು ನುಸುಳಲಾರದ ಸಂದಿಗಳಿಂದ ರಂಜಕ, ಸತುವುಗಳನ್ನು ತರುತ್ತವೆ. ಪ್ರತಿಯಾಗಿ ಗಿಡ ಸಕ್ಕರೆ ಮತ್ತು ಕೊಬ್ಬಿನಂಶ ಕೊಡುತ್ತದೆ.

ಈ ಕೊಡುಕೊಳೆ ನಡೆಯುವ ಜಾಗವನ್ನು ಕಣ್ಣಾರೆ ನೋಡಬಹುದು. ಬೇರನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡಿನಲ್ಲಿ ಬಿಸಿ ಮಾಡಿ, ಟ್ರಿಪಾನ್ ಬ್ಲೂ ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ಇಟ್ಟರೆ, ಬೇರಿನ ಜೀವಕೋಶಗಳೊಳಗೆ ಪುಟ್ಟ ಪುಟ್ಟ ನೀಲಿ ಮರಗಳು ಕವಲೊಡೆದು ನಿಂತಿರುತ್ತವೆ. ಮೊದಲ ಸಲ ನೋಡುವ ವಿದ್ಯಾರ್ಥಿಗಳು ಅಲ್ಲಿಂದ ಕಣ್ಣು ತೆಗೆಯುವುದೇ ಇಲ್ಲ.

ಈ ಶಿಲೀಂಧ್ರ ಬೇರಿನ ಆಸರೆಯಿಲ್ಲದೆ ಬದುಕಿ ವೃದ್ಧಿಯಾಗದು. ಆದ್ದರಿಂದ ಇದನ್ನು ರಾಗಿ, ಜೋಳದಂಥ ಗಿಡಗಳ ಬೇರಿನಲ್ಲೇ ಬೆಳೆಸಿ, ಬೇರಿನ ಚೂರುಗಳ ಸಮೇತ ಮಣ್ಣನ್ನು ಗೊಬ್ಬರವಾಗಿ ಕೊಡುವುದು ವಾಡಿಕೆ.

ಎಲ್ಲ ಬೆಳೆಗೂ ಇದು ಬೇಕೆಂದಲ್ಲ. ಎಲೆಕೋಸು, ಮೂಲಂಗಿ, ಸಾಸಿವೆ, ಬೀಟ್‌ರೂಟ್ ಈ ನಂಟನ್ನೇ ಬೆಳೆಸುವುದಿಲ್ಲ. ಅವುಗಳಿಗೆ ವ್ಯಾಮ್ ಕೊಳ್ಳುವುದು ದುಡ್ಡು ದಂಡ. ಅಕ್ಕಡಿ ಸಾಲಿನ ಹೊಲದಲ್ಲಿ ರಾಗಿ, ತೊಗರಿ, ಅವರೆಗಳ ಬೇರಿಗೆ ಶಿಲೀಂಧ್ರ ಹತ್ತಿದರೂ ನಡುವಿನ ಸಾಸಿವೆ ಹೊರಗೇ ಉಳಿಯುತ್ತದೆ.

ಒಂದೇ ಬೆಳೆಯ ತಳಿ ತಳಿಗೂ ವ್ಯತ್ಯಾಸವಿದೆ. ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಸಜ್ಜೆಯ ತಳಿಗಳಲ್ಲಿ ಇದನ್ನು 1985ರಲ್ಲೇ ತೋರಿಸಿದರು. ಅಮೆರಿಕದ ಕ್ಯಾನ್ಸಸ್‌ನಲ್ಲಿ ಗೋಧಿಯನ್ನು ಪರೀಕ್ಷಿಸಿದಾಗ, 1950ಕ್ಕೆ ಮುಂಚಿನ ತಳಿಗಳು ಶಿಲೀಂಧ್ರವನ್ನು ಹೆಚ್ಚು ನೆಚ್ಚಿಕೊಂಡಿದ್ದವು. ಹಾಗೆಂದು ನಾಟಿ ತಳಿಗೆ ಮಾತ್ರ ಶಿಲೀಂಧ್ರ ಒಗ್ಗುತ್ತದೆ ಎಂದುಬಿಡಬೇಡಿ. ಹಲವು ಬೆಳೆಗಳ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಹೊಸ ತಳಿಗಳೂ ಚೆನ್ನಾಗಿಯೇ ಸ್ಪಂದಿಸಿವೆ. ಈ ನಂಟು ಸಡಿಲಾದರೆ, ಹೊಸ ತಳಿಗಿಂತ ಹೆಚ್ಚಾಗಿ ನಾವು ಸುರಿಯುವ ರಂಜಕದ ಗೊಬ್ಬರ ಡಿಎಪಿಯ ಮೇಲೆ ನನ್ನ ಅನುಮಾನ. ರಂಜಕದ ಹಸಿವಾದಾಗ ಗಿಡ ಬೇರಿನಿಂದ ಸ್ಟ್ರೈಗೋಲ್ಯಾಕ್ಟೋನ್ ಎಂಬ ವಸ್ತುವನ್ನು ಸೂಸಿ ಶಿಲೀಂಧ್ರವನ್ನು ಕರೆಯುತ್ತದೆ. ಹೊಟ್ಟೆ ತುಂಬಿದ್ದರೆ ಆ ಕರೆ ಕ್ಷೀಣಿಸುತ್ತದೆ.

ಹೊಸಬರು ಈರುಳ್ಳಿ ಸಸಿಮಡಿಯಿಂದ ಶುರುಮಾಡಿ. ಬೀಜದ ಗೆರೆ ಎಳೆದು, ಮೊದಲು ವ್ಯಾಮ್ ತೆಳುವಾಗಿ ಉದುರಿಸಿ, ಅದರ ಮೇಲೆ ಬೀಜ ಬಿತ್ತಿ ಮಣ್ಣು ಮುಚ್ಚಿ. ಎಳೆ ಬೇರು ಕೆಳಗಿಳಿಯುವಾಗ ಶಿಲೀಂಧ್ರ ದಾರಿಯಲ್ಲೇ ಸಿಗಬೇಕು. ಪಕ್ಕದ ಮಡಿಯೊಂದನ್ನು ವ್ಯಾಮ್ ಇಲ್ಲದೆ ಬಿಟ್ಟು, ನಾಟಿಗೆ ಕೀಳುವ ದಿನ ಎರಡೂ ಕಡೆಯ ಸಸಿಗಳನ್ನು ಹೋಲಿಸಿ ನೋಡಿ.