ಮನೆ ಏರಲಿ, ಮರದ ಬುಡ ಹಾಗೇ ಇರಲಿ

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆಗಳು ಏರಿವೆ. ಹಾಗಾಗಿ ಹೊಸ ಮನೆ ಕಟ್ಟುವವರು ಮೊದಲು ಸೈಟಿಗೆ ಎರಡು ಮೂರು ಅಡಿ ಮಣ್ಣು ಹೊಡೆಸುತ್ತಾರೆ. ಹಿತ್ತಲಿನ ಮಾವು, ಹಲಸು, ಸಂಪಿಗೆಯನ್ನು ಕಡಿಯದೆ ಉಳಿಸಿದೆವು ಎಂದುಕೊಳ್ಳುತ್ತಾರೆ. ಕೆಲವೇ ವರ್ಷಗಳಲ್ಲಿ ಮರ ಒಣಗುತ್ತದೆ. ಮನೆ ಕಟ್ಟಿಸುವ ಕೆಲಸ ನನಗೆ ಕಲಿಸಿದ ಪಾಠಗಳಿವು.

1. ಎತ್ತರ ಬೇಕಿರುವುದು ಮನೆಗೆ, ಹಿತ್ತಲಿಗಲ್ಲ. ಪಾಯ ಎತ್ತರಿಸಿ, ಹಿಂಬಾಗಿಲಿಗೆ ನಾಲ್ಕು ಮೆಟ್ಟಿಲು ಇಡಿ. ಮರದ ಕಡೆ ಹಳೆಯ ಮಟ್ಟವನ್ನೇ ಬಿಡಿ. ಅಲ್ಲಿ ನಿಲ್ಲುವ ನೀರನ್ನು ಬೇರಿನಿಂದ ದೂರದ ಇಂಗುಗುಂಡಿಗೆ ಹರಿಸಿ. ನಕ್ಷೆ ಬರೆಯುವಾಗಲೇ ಇದು ತೀರ್ಮಾನವಾಗಬೇಕು.

2. ಬೇರು ಮೇಲೇ ಇದೆ. ನೀರು, ಸಾರ ಹೀರುವ ಸಣ್ಣ ಬೇರುಗಳು ಬಹುಪಾಲು ಮೇಲಿನ ಎರಡಡಿ ಮಣ್ಣಿನಲ್ಲೇ, ಕೊಂಬೆಯ ನೆರಳನ್ನೂ ದಾಟಿ ಹರಡಿರುತ್ತವೆ. ಮಣ್ಣಿನ ಕಣಗಳ ನಡುವಿನ ಗಾಳಿಯೇ ಅವಕ್ಕೆ ಉಸಿರು. ಮೇಲೆ ಜೇಡಿಮಣ್ಣು ಸುರಿದು ದಮ್ಮಸು ಮಾಡಿದರೆ ಆ ಉಸಿರು ನಿಲ್ಲುತ್ತದೆ.

3. ದಾರ ಹಿಡಿದು ಅಳೆಯಿರಿ. ಎದೆಯೆತ್ತರದಲ್ಲಿ ಕಾಂಡದ ಸುತ್ತಳತೆ ತೆಗೆದು ನಾಲ್ಕರಿಂದ ಗುಣಿಸಿ. ಸುತ್ತಳತೆ 5 ಅಡಿಯಿದ್ದರೆ ಸುತ್ತಲೂ 20 ಅಡಿ ಜಾಗವನ್ನು ಮುಟ್ಟಬಾರದು. 30×40 ಸೈಟಿನಲ್ಲಿ ಅಷ್ಟು ಸಿಗುವುದಿಲ್ಲ. ಆಗ ಒಂದು ಬದಿಯನ್ನಷ್ಟೇ ಬಿಟ್ಟುಕೊಟ್ಟು, ಉಳಿದ ಬದಿಗಳನ್ನು ಪಟ್ಟುಹಿಡಿದು ಕಾಪಾಡಿ.

4. ಅರಳಿಕಟ್ಟೆ ನೋಡಿ ಮಾವಿಗೆ ಕಟ್ಟೆ ಕಟ್ಟಬೇಡಿ. ಅರಳಿ, ಆಲದಂಥವು ಕಾಂಡದಿಂದಲೂ ಬೇರು ಬಿಡಬಲ್ಲವು. ಮಾವಿನ ಬುಡಕ್ಕೆ ಮಣ್ಣು ಏರಿಸಿದರೆ ತೊಗಟೆ ತೇವದಲ್ಲಿ ಕೊಳೆಯುತ್ತದೆ. ಕಾಂಡ ಅಗಲವಾಗಿ ನೆಲಕ್ಕಿಳಿಯುವ ಭಾಗ ಸದಾ ಕಣ್ಣಿಗೆ ಕಾಣುತ್ತಿರಬೇಕು.

5. ತುಂಬಲೇಬೇಕಾದರೆ ಗಾಳಿಗೆ ದಾರಿ ಮಾಡಿ. ಮೊದಲು ಹುಲ್ಲು, ಕಸ ತೆಗೆಯಿರಿ. ಹಳೆಯ ನೆಲದ ಮೇಲೆ ತೂತು ಕೊರೆದ ಪೈಪುಗಳನ್ನು ಹಾಯಿಸಿ, ನೆಟ್ಟಗೆ ನಿಲ್ಲುವ ಪೈಪುಗಳಿಂದ ಅವನ್ನು ಹೊಸ ನೆಲದ ಮೇಲಕ್ಕೆ ತೆರೆಯಿರಿ. ಪೈಪುಗಳ ಸುತ್ತ ದಪ್ಪ ಜಲ್ಲಿ, ಅದರ ಮೇಲೆ ಸಡಿಲ ಮರಳುಮಣ್ಣು. ಕಾಂಡದಿಂದ ಸಾಧ್ಯವಾದಷ್ಟು ದೂರದಲ್ಲಿ ಕಲ್ಲಿನ ಬಳೆ ಕಟ್ಟಿ, ಒಳಗೆ ನೀರು ನಿಲ್ಲದಂತೆ ಕೊಳವೆಯಿಡಿ. ಬಾವಿಯಂತೆ ಬಳೆಯನ್ನಷ್ಟೇ ಕಟ್ಟಿ, ಆಚೆಯ ಬೇರುಗಳನ್ನು ಗಾಳಿಯಿಲ್ಲದಂತೆ ಹೂತರೆ ಪ್ರಯೋಜನವಿಲ್ಲ.

6. ನೆಲ ಇಳಿಸುವುದು ಇನ್ನೂ ಅಪಾಯ. ಹೀರುವ ಬೇರುಗಳೇ ಮಣ್ಣಿನ ಜೊತೆ ಲಾರಿ ಹತ್ತುತ್ತವೆ. ಮರವನ್ನು ಹಳೆಯ ಮಟ್ಟದ ದಿಬ್ಬದಲ್ಲೇ ಬಿಟ್ಟು ಅಂಚಿಗೆ ತಡೆಗೋಡೆ ಕಟ್ಟಿ. ಅಡ್ಡಬರುವ ಬೇರನ್ನು ಜೆಸಿಬಿ ಹರಿಯುವ ಮುನ್ನ ಗರಗಸದಿಂದ ನೀಟಾಗಿ ಕೊಯ್ದು, ಒದ್ದೆ ಗೋಣಿ ಹೊದಿಸಿ. ಬುಡದ ಹತ್ತಿರದ ದಪ್ಪ ಬೇರು ಕಡಿದರೆ ಏಪ್ರಿಲ್–ಮೇ ತಿಂಗಳ ಬಿರುಗಾಳಿಗೆ ಮರ ಮನೆಯ ಮೇಲೇ ಉರುಳಬಹುದು.

7. ಗುದ್ದಲಿ ಪೂಜೆಗೂ ಮುಂಚೆ ಮರದ ಸುತ್ತ ಬೇಲಿ ಹಾಕಿಸಿ. ಒಂದೇ ಲಾರಿ ಓಡಾಡಿದರೂ ಮಣ್ಣು ಗಟ್ಟಿಯಾಗುತ್ತದೆ. ಜಲ್ಲಿ ರಾಶಿ, ಕಾಂಕ್ರೀಟ್ ಕಲೆಸುವುದು, ಬಾಂಡಲಿ ತೊಳೆದ ಸಿಮೆಂಟು ನೀರು, ಯಾವುದೂ ಬೇಲಿಯೊಳಗೆ ಬೇಡ. ಆ ನೀರಿನ ಕ್ಷಾರ ಬೇರಿಗೆ ವಿಷ. ಮೇಸ್ತ್ರಿಗೆ ಕಾರಣವನ್ನೂ ಹೇಳಿ, ತಿಳಿದವರು ಕಾಪಾಡುತ್ತಾರೆ.

8. ಮರ ತಡವಾಗಿ ದೂರುತ್ತದೆ. ಕೂಡಿಟ್ಟ ಆಹಾರದಿಂದ ಅದು ಎರಡು ಮೂರು ವರ್ಷ ಹಸಿರಾಗಿಯೇ ಇರಬಲ್ಲದು. ಚಿಗುರು ಸಣ್ಣದಾಗಿ, ತುದಿ ಕೊಂಬೆಗಳು ಒಣಗತೊಡಗಿದರೆ ಔಷಧಿ ಹೊಡೆಯುವ ಮೊದಲು ಬುಡ ನೋಡಿ. ಏರಿದ ಮಣ್ಣನ್ನು ಕೈಯಿಂದಲೇ ಮೆಲ್ಲಗೆ ತೆಗೆಯಿರಿ, ತರಗೆಲೆ ಹೊದಿಸಿ, ಬೇಸಿಗೆಯಲ್ಲಿ ನೀರು ಕೊಡಿ. ಗೃಹಪ್ರವೇಶವಾದ ಮೇಲೂ ಐದು ವರ್ಷ ಈ ನಿಗಾ ಬೇಕು.